ವೈರಸ್ ತೊಲಗದೆ ಉಳಿದಾಗ ಟಿ ಕೋಶಗಳಿಗೆ ಏನಾಗುತ್ತದೆ?

ದಡಾರ ಒಮ್ಮೆ ಬಂದು ಹೋದವರಿಗೆ ಅದು ಮತ್ತೆ ಬರುವುದು ತೀರ ಅಪರೂಪ. ಇನ್‌ಫ್ಲುಯೆನ್ಜಾ ವೈರಸ್ಸನ್ನು ಆರೋಗ್ಯವಂತ ದೇಹ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಹೊರದೂಡುತ್ತದೆ. ಆದರೆ ಹೆಪಟೈಟಿಸ್ ಸಿ ವೈರಸ್ ಸೋಂಕಿತರಲ್ಲಿ ಹೆಚ್ಚಿನವರ ಯಕೃತ್ತಿನಲ್ಲಿ ದಶಕಗಳ ಕಾಲ ನೆಲೆಯೂರುತ್ತದೆ, ಎಚ್‌ಐವಿ ಒಮ್ಮೆ ಹೊಕ್ಕರೆ ಜೀವನಪರ್ಯಂತ ಉಳಿಯುತ್ತದೆ. ಎರಡೂ ಬಗೆಯ ಸೋಂಕುಗಳನ್ನು ಎದುರಿಸುವುದು ಒಂದೇ ರೋಗನಿರೋಧಕ ವ್ಯವಸ್ಥೆ, ಅದೇ ಬಗೆಯ ಕೋಶಗಳು. ಹಾಗಿದ್ದರೂ ಒಂದು ಕಡೆ ಗೆಲುವು, ಇನ್ನೊಂದು ಕಡೆ ಮುಗಿಯದ ಹೋರಾಟ ಏಕೆ? ವೈರಸ್ ತನ್ನ ಹೊರರೂಪವನ್ನು ಬದಲಿಸಿಕೊಂಡು ಪಾರಾಗುತ್ತದೆ, ಕೆಲವು ವೈರಸ್‌ಗಳು ಕೋಶದೊಳಗೆ ಅಡಗಿ ಕೂರುತ್ತವೆ ಎಂಬುದು ಉತ್ತರದ ಒಂದು ಭಾಗ. ಇನ್ನೊಂದು ಭಾಗ ವೈರಸ್ಸಿನಲ್ಲಿಲ್ಲ, ಅದರ ಎದುರು ನಿಂತ ನಮ್ಮದೇ ಕೋಶಗಳಲ್ಲಿದೆ. ಈ ಎರಡನೆಯ ಭಾಗವನ್ನು ಬಿಡಿಸಿ ತೋರಿಸಿದವರಲ್ಲಿ ಮುಂಚೂಣಿಯಲ್ಲಿರುವವರು ರೋಗನಿರೋಧಕ ವ್ಯವಸ್ಥೆಯ ಸಂಶೋಧಕ ರಫಿ ಅಹ್ಮದ್.

ಹೈದರಾಬಾದಿನಲ್ಲಿ ಹುಟ್ಟಿ, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಬಳಿಕ ಅಮೆರಿಕಕ್ಕೆ ತೆರಳಿದ ಅಹ್ಮದ್ ಅವರು 1981ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ ಮೈಕೆಲ್ ಓಲ್ಡ್‌ಸ್ಟೋನ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಮೇಲೆ ಲಾಸ್ ಏಂಜಲೀಸ್‌ನಲ್ಲಿ ಅಧ್ಯಾಪಕರಾಗಿದ್ದು, 1995ರಲ್ಲಿ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯ ಸೇರಿ ಅಲ್ಲಿನ ಲಸಿಕಾ ಕೇಂದ್ರವನ್ನು ಕಟ್ಟಿದರು. ಅವರ ಸಂಶೋಧನೆಯ ಬಹುಪಾಲು ನಿಂತಿರುವುದು ಇಲಿಗಳಿಗೆ ತಗುಲುವ ಒಂದು ವೈರಸ್ಸಿನ ಮೇಲೆ. ಇಲಿಯ ವೈರಸ್ಸಿನಿಂದ ಮನುಷ್ಯನ ಎಚ್‌ಐವಿಯ ಬಗ್ಗೆ ಏನು ತಿಳಿದೀತು ಎಂಬ ಸಂಶಯ ಸಹಜ. ಅದಕ್ಕೆ ಉತ್ತರ ಮುಂದೆ ತಾನಾಗಿಯೇ ಸಿಗುತ್ತದೆ.

ಮೊದಲು ಕೋಶಗಳ ಪರಿಚಯ. ಪ್ರತಿಕಾಯಗಳನ್ನು ತಯಾರಿಸುವ ಬಿ ಕೋಶಗಳ ವಿಷಯ ಬೇರೆ. ಪ್ರತಿಕಾಯಗಳು ರಕ್ತದಲ್ಲಿ, ಶ್ಲೇಷ್ಮ ಪದರಗಳಲ್ಲಿ ತೇಲುತ್ತಿರುವ ವೈರಸ್ ಕಣಗಳನ್ನು ಹಿಡಿಯುತ್ತವೆ. ವೈರಸ್ ಈಗಾಗಲೇ ಒಂದು ಕೋಶದ ಒಳಹೊಕ್ಕಿದ್ದರೆ ಆ ಕೋಶವನ್ನೇ ಗುರುತಿಸಿ ಕೊಲ್ಲಬೇಕಾಗುತ್ತದೆ, ಮತ್ತು ಈ ಕೆಲಸ ಮುಖ್ಯವಾಗಿ ಸಿಡಿ8 ಎಂಬ ಗುರುತುಳ್ಳ ಟಿ ಕೋಶಗಳದ್ದು. ದೇಹದ ಬಹುತೇಕ ಪ್ರತಿಯೊಂದು ಕೋಶವೂ ತನ್ನೊಳಗೆ ತಯಾರಾಗುತ್ತಿರುವ ಪ್ರೋಟೀನುಗಳ ಸಣ್ಣ ತುಣುಕುಗಳನ್ನು ಎಂಎಚ್‌ಸಿ ಎಂಬ ಅಣುವಿನಲ್ಲಿ ಕೂರಿಸಿ ಹೊರಮೈಯಲ್ಲಿ ಪ್ರದರ್ಶಿಸುತ್ತಿರುತ್ತದೆ. ಆ ತುಣುಕುಗಳಲ್ಲಿ ವೈರಸ್ಸಿನದೊಂದು ಕಂಡರೆ, ಅದಕ್ಕೆ ಸರಿಹೊಂದುವ ಗ್ರಾಹಕವುಳ್ಳ ಟಿ ಕೋಶ ಅಂಟಿಕೊಂಡು, ಪರ್ಫೊರಿನ್ ಮತ್ತು ಗ್ರಾಂಜೈಮ್ ಎಂಬ ಪ್ರೋಟೀನುಗಳನ್ನು ಸುರಿದು, ಸೋಂಕಿತ ಕೋಶ ತಾನೇ ಸಾಯುವಂತೆ ಮಾಡುತ್ತದೆ. ಜೊತೆಗೆ ಇಂಟರ್‌ಫೆರಾನ್ ಗಾಮಾ, ಟಿಎನ್‌ಎಫ್ ಮೊದಲಾದ ಸೈಟೋಕೈನ್‌ಗಳನ್ನು ಸ್ರವಿಸಿ ಸುತ್ತಲಿನ ಕೋಶಗಳನ್ನು ಎಚ್ಚರಿಸುತ್ತದೆ.

ಅಹ್ಮದ್ ಅವರು ಆರಿಸಿಕೊಂಡ ವೈರಸ್ಸಿನ ಹೆಸರು ಲಿಂಫೋಸೈಟಿಕ್ ಕೋರಿಯೋಮೆನಿಂಜೈಟಿಸ್ ವೈರಸ್, ಚಿಕ್ಕದಾಗಿ ಎಲ್‌ಸಿಎಂವಿ. ಇದನ್ನು 1930ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಚಾರ್ಲ್ಸ್ ಆರ್ಮ್‌ಸ್ಟ್ರಾಂಗ್ ಪ್ರತ್ಯೇಕಿಸಿದರು. ಇಂದಿಗೂ ಅದರ ಒಂದು ತಳಿಗೆ ಅವರದೇ ಹೆಸರಿದೆ. ಈ ವೈರಸ್ ತಾನು ಹೊಕ್ಕ ಕೋಶಗಳನ್ನು ತಾನಾಗಿ ಕೊಲ್ಲುವುದಿಲ್ಲ. ಸೋಂಕಿತ ಇಲಿಯಲ್ಲಿ ಕಾಣುವ ಕಾಯಿಲೆ ಬಹುಮಟ್ಟಿಗೆ ಇಲಿಯ ಟಿ ಕೋಶಗಳ ದಾಳಿಯ ಫಲ. ಟಿ ಕೋಶಗಳು ಏನು ಮಾಡುತ್ತವೆ, ಏನು ಮಾಡದೆ ಬಿಡುತ್ತವೆ ಎಂಬುದನ್ನು ವೈರಸ್ಸಿನ ಸ್ವಂತ ಹಾವಳಿಯಿಂದ ಬೇರ್ಪಡಿಸಿ ನೋಡಲು ಇಷ್ಟು ಅನುಕೂಲವಾದ ವೈರಸ್ ಇನ್ನೊಂದು ಸಿಗುವುದು ಕಷ್ಟ.

ಓಲ್ಡ್‌ಸ್ಟೋನ್ ಅವರೊಂದಿಗೆ ಸೇರಿ 1984ರಲ್ಲಿ ಪ್ರಕಟಿಸಿದ ಕೆಲಸ ಮುಂದಿನ ಎಲ್ಲಕ್ಕೂ ತಳಹದಿಯಾಯಿತು. ಹುಟ್ಟಿದ ಕೂಡಲೇ ಆರ್ಮ್‌ಸ್ಟ್ರಾಂಗ್ ತಳಿಯ ಸೋಂಕು ತಗುಲಿಸಿದ ಇಲಿಗಳು ವೈರಸ್ಸನ್ನು ಬದುಕಿಡೀ ಹೊತ್ತಿರುತ್ತವೆ. ಅಂಥ ಇಲಿಯ ಗುಲ್ಮದಿಂದ ಪ್ರತ್ಯೇಕಿಸಿದ ಒಂದು ರೂಪಾಂತರಿಗೆ ಕ್ಲೋನ್ 13 ಎಂದು ಹೆಸರು. ಮೂಲ ತಳಿಯನ್ನು ವಯಸ್ಕ ಇಲಿಗೆ ಚುಚ್ಚಿದರೆ ಸುಮಾರು ಎಂಟು ದಿನಗಳಲ್ಲಿ ಟಿ ಕೋಶಗಳು ಅದನ್ನು ಪೂರ್ತಿ ತೊಡೆದುಹಾಕುತ್ತವೆ. ಕ್ಲೋನ್ 13 ಅನ್ನು ಅದೇ ಬಗೆಯ ಇಲಿಗೆ ಚುಚ್ಚಿದರೆ ರಕ್ತದಲ್ಲಿ ಎರಡು ಮೂರು ತಿಂಗಳು, ಮೂತ್ರಪಿಂಡದಲ್ಲಿ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ಎರಡರ ನಡುವಿನ ವ್ಯತ್ಯಾಸವೋ ಕೆಲವೇ ಅಮೈನೋ ಆಮ್ಲಗಳದ್ದು. ಅವುಗಳಲ್ಲಿ ಒಂದು ವೈರಸ್ ಕೋಶಕ್ಕೆ ಅಂಟಿಕೊಳ್ಳುವ ಬಲವನ್ನು ಹೆಚ್ಚಿಸುತ್ತದೆ, ಇನ್ನೊಂದು ಅದರ ಮರುನಕಲಿನ ವೇಗವನ್ನು. ಟಿ ಕೋಶಗಳು ಗುರುತು ಹಿಡಿಯುವ ತುಣುಕುಗಳು ಮಾತ್ರ ಎರಡರಲ್ಲೂ ಒಂದೇ. ಹೀಗಾಗಿ ಒಂದೇ ಶತ್ರುವನ್ನು ಗುರುತಿಸುವ ಒಂದೇ ಬಗೆಯ ಕೋಶಗಳು, ಶತ್ರು ಬೇಗ ಸತ್ತಾಗ ಹೇಗಿರುತ್ತವೆ, ಸಾಯದೆ ಉಳಿದಾಗ ಹೇಗಾಗುತ್ತವೆ ಎಂದು ಅಕ್ಕಪಕ್ಕ ಇಟ್ಟು ನೋಡುವುದು ಸಾಧ್ಯವಾಯಿತು. ಮನುಷ್ಯರಲ್ಲಿ ಇಂಥ ಹೋಲಿಕೆಗೆ ಅವಕಾಶವೇ ಇಲ್ಲ.

ಈ ಇತಿಹಾಸದಲ್ಲಿ ಅತ್ಯಂತ ನಿರ್ಣಾಯಕ ಹೆಜ್ಜೆ, ಆದರೆ ಜನಪ್ರಿಯ ಬರಹಗಳಲ್ಲಿ ಅಷ್ಟಾಗಿ ಕಾಣದ ಹೆಜ್ಜೆ, ಎಣಿಕೆಯದ್ದು ಎಂದು ನನಗನ್ನಿಸುತ್ತದೆ. 1990ರ ದಶಕದ ಮಧ್ಯದವರೆಗೂ ಒಂದು ನಿರ್ದಿಷ್ಟ ವೈರಸ್ಸನ್ನು ಗುರುತಿಸುವ ಟಿ ಕೋಶಗಳು ಎಷ್ಟಿವೆ ಎಂದು ತಿಳಿಯಲು ಅವುಗಳನ್ನು ಪ್ರಯೋಗಾಲಯದ ಬಟ್ಟಲುಗಳಲ್ಲಿ ಬೆಳೆಸಿ, ಬೆಳೆದವುಗಳನ್ನು ಲೆಕ್ಕಹಾಕಬೇಕಿತ್ತು. ಬೆಳೆಯಲಾರದ ಕೋಶ ಲೆಕ್ಕಕ್ಕೇ ಬರುತ್ತಿರಲಿಲ್ಲ. 1996ರಲ್ಲಿ ಸ್ಟ್ಯಾನ್‌ಫರ್ಡ್‌ನ ಜಾನ್ ಆಲ್ಟ್‌ಮನ್, ಮಾರ್ಕ್ ಡೇವಿಸ್ ಮತ್ತು ಸಂಗಡಿಗರು ಟೆಟ್ರಾಮರ್ ಎಂಬ ಸಾಧನವನ್ನು ಪ್ರಕಟಿಸಿದರು: ವೈರಸ್ ತುಣುಕನ್ನು ಹೊತ್ತ ನಾಲ್ಕು ಎಂಎಚ್‌ಸಿ ಅಣುಗಳನ್ನು ಒಟ್ಟು ಜೋಡಿಸಿ, ಅದಕ್ಕೆ ಹೊಳೆಯುವ ಬಣ್ಣ ಕಟ್ಟಿದರೆ, ಆ ತುಣುಕಿಗೆ ಸರಿಹೊಂದುವ ಟಿ ಕೋಶಗಳಿಗೆ ಮಾತ್ರ ಅದು ಅಂಟಿಕೊಳ್ಳುತ್ತದೆ. ಕೋಶ ವಿಭಜಿಸುತ್ತದೆಯೋ ಇಲ್ಲವೋ, ಕೊಲ್ಲುತ್ತದೆಯೋ ಇಲ್ಲವೋ, ಅದನ್ನು ಕಂಡು ಎಣಿಸಬಹುದು.

ಎಣಿಸಿದಾಗ ಹಳೆಯ ಅಂದಾಜುಗಳೆಲ್ಲ ತಲೆಕೆಳಗಾದವು. ಅಹ್ಮದ್ ಅವರ ಗುಂಪಿನಲ್ಲಿದ್ದ ಕಾಜಾ ಮುರಳಿ ಕೃಷ್ಣ ಮೊದಲಾದವರು 1998ರಲ್ಲಿ ವರದಿ ಮಾಡಿದಂತೆ, ಎಲ್‌ಸಿಎಂವಿ ಸೋಂಕು ಶಿಖರಕ್ಕೇರಿದಾಗ ಇಲಿಯಲ್ಲಿ ಚುರುಕುಗೊಂಡ ಸಿಡಿ8 ಟಿ ಕೋಶಗಳಲ್ಲಿ 50ರಿಂದ 70 ಶೇಕಡದಷ್ಟು ಆ ವೈರಸ್ಸನ್ನೇ ಗುರುತಿಸುವಂಥವು. ಅದುವರೆಗೆ ಅವುಗಳಲ್ಲಿ ಬಹುಪಾಲು ಸುಮ್ಮನೆ ಗದ್ದಲಕ್ಕೆ ಎಚ್ಚೆತ್ತ, ಸಂಬಂಧವಿಲ್ಲದ ಕೋಶಗಳೆಂಬ ನಂಬಿಕೆಯಿತ್ತು. ಒಂದು ಗುಲ್ಮದಲ್ಲಿಯೇ ಸುಮಾರು 2 ಕೋಟಿ ವೈರಸ್-ನಿರ್ದಿಷ್ಟ ಕೋಶಗಳು. ವೈರಸ್ ಅಳಿದ ಬಳಿಕ ಆ ಸಂಖ್ಯೆ ಸುಮಾರು 10 ಲಕ್ಷಕ್ಕೆ ಇಳಿದು, ಇಲಿ ಬದುಕಿರುವಷ್ಟು ಕಾಲವೂ ಅಲ್ಲಿಯೇ ನಿಲ್ಲುತ್ತದೆ. ಹೀಗೆ ಉಳಿದವುಗಳೇ ಸ್ಮೃತಿ ಕೋಶಗಳು. ಅದೇ ವೈರಸ್ ಮರಳಿ ಬಂದರೆ ದಿನಗಳ ಬದಲು ಗಂಟೆಗಳಲ್ಲಿ ಕೆಲಸಕ್ಕಿಳಿಯುವುದು ಇವೇ. ಇವು ಉಳಿಯಲು ವೈರಸ್ಸಿನ ಲವಲೇಶವೂ ದೇಹದಲ್ಲಿ ಇರಬೇಕಾಗಿಲ್ಲ ಎಂಬುದನ್ನು ಅಹ್ಮದ್ ಮತ್ತು ಸಂಗಡಿಗರು 1994ರಲ್ಲೇ ತೋರಿಸಿದ್ದರು. ದೇಹವೇ ಒದಗಿಸುವ ಐಎಲ್-7, ಐಎಲ್-15 ಎಂಬ ಸೈಟೋಕೈನ್‌ಗಳ ಆಸರೆಯಲ್ಲಿ ಅವು ಬಾಳುತ್ತವೆ.

ಅದೇ 1998ರಲ್ಲಿ ಇನ್ನೊಂದು ಫಲಿತಾಂಶ ಹೊರಬಂತು. ಸಿಡಿ4 ಎಂಬ ನೆರವು ಟಿ ಕೋಶಗಳಿಲ್ಲದ ಇಲಿಗಳಲ್ಲಿ ಕ್ಲೋನ್ 13 ಸೋಂಕು ಮುಂದುವರಿದಾಗ, ಟೆಟ್ರಾಮರ್ ಅಂಟುವ ಸಿಡಿ8 ಕೋಶಗಳು ಧಾರಾಳವಾಗಿಯೇ ಇದ್ದವು. ಆದರೆ ಅವು ಕೊಲ್ಲುತ್ತಿರಲಿಲ್ಲ, ಇಂಟರ್‌ಫೆರಾನನ್ನೂ ಸ್ರವಿಸುತ್ತಿರಲಿಲ್ಲ. ಇದಕ್ಕೆ ಐದು ವರ್ಷ ಮೊದಲು ರಾಲ್ಫ್ ಜಿಂಕರ್‌ನಾಗೆಲ್ ಅವರ ಜ್ಯೂರಿಕ್ ಗುಂಪು, ವೈರಸ್ಸಿನ ಪ್ರಮಾಣ ಅತಿಯಾದರೆ ಅದನ್ನು ಎದುರಿಸುವ ಟಿ ಕೋಶಗಳು ಬರಿದಾಗಿ ಕಾಣೆಯಾಗುತ್ತವೆ ಎಂದು ಹೇಳಿ, ಅದಕ್ಕೆ ಟಿ ಕೋಶಗಳ ದಣಿವು ಎಂಬ ಹೆಸರು ಬಳಕೆಗೆ ತಂದಿತ್ತು. ಈಗ ತಿಳಿದ ಸಂಗತಿ ಬೇರೆ. ಕೆಲವು ಕೋಶಗಳು ನಿಜವಾಗಿಯೂ ಅಳಿಯುತ್ತವೆ, ಆದರೆ ಉಳಿದ ಬಹಳಷ್ಟು ಕೋಶಗಳು ಸತ್ತಿಲ್ಲ, ಕಾಣೆಯಾಗಿಲ್ಲ, ಕೆಲಸ ನಿಲ್ಲಿಸಿ ಅಲ್ಲೇ ಇವೆ. ಸತ್ತ ಕೋಶವನ್ನು ಎಬ್ಬಿಸುವಂತಿಲ್ಲ. ನಿಷ್ಕ್ರಿಯವಾಗಿ ಉಳಿದ ಕೋಶವನ್ನಾದರೆ ಮತ್ತೆ ಕೆಲಸಕ್ಕೆ ಹಚ್ಚಲು ಸಾಧ್ಯವೇ ಎಂದು ಕೇಳಬಹುದು. ಚಿಕಿತ್ಸೆಯ ಪ್ರಶ್ನೆ ಹುಟ್ಟಿದ್ದು ಇಲ್ಲಿ.

ಮುಂದಿನ ವರ್ಷಗಳಲ್ಲಿ ಈ ದಣಿವು ಏಕಾಏಕಿ ಆಗುವುದಲ್ಲ, ಅದಕ್ಕೊಂದು ಕ್ರಮವಿದೆ ಎಂಬುದು ಗೊತ್ತಾಯಿತು. ಮೊದಲು ಐಎಲ್-2 ಎಂಬ ಸೈಟೋಕೈನನ್ನು ತಯಾರಿಸುವ ಮತ್ತು ವೇಗವಾಗಿ ವೃದ್ಧಿಸುವ ಶಕ್ತಿ ಹೋಗುತ್ತದೆ, ಆಮೇಲೆ ಟಿಎನ್‌ಎಫ್ ತಯಾರಿಸುವ ಶಕ್ತಿ ಹೋಗುತ್ತದೆ; ಇಂಟರ್‌ಫೆರಾನ್ ಗಾಮಾ ಮಾತ್ರ ಕೊನೆಯವರೆಗೆ ಅಷ್ಟಿಷ್ಟು ಉಳಿಯುತ್ತದೆ, ಪರಿಸ್ಥಿತಿ ತೀರ ಹದಗೆಟ್ಟರೆ ಅದೂ ಹೋಗುತ್ತದೆ. ವೈರಸ್ಸಿನ ಪ್ರಮಾಣ ಹೆಚ್ಚಿದಷ್ಟೂ, ಸಿಡಿ4 ಕೋಶಗಳ ನೆರವು ಕುಗ್ಗಿದಷ್ಟೂ ಈ ಇಳಿತ ತೀವ್ರ. ಎಚ್‌ಐವಿ ನಾಶಮಾಡುವುದು ಸಿಡಿ4 ಕೋಶಗಳನ್ನೇ ಎಂಬುದನ್ನು ನೆನೆದರೆ ಆ ಸೋಂಕಿನಲ್ಲಿ ಸಿಡಿ8 ಕೋಶಗಳ ಪಾಡು ಏಕೆ ಅಷ್ಟು ಕಷ್ಟದ್ದೆಂದು ಅರ್ಥವಾಗುತ್ತದೆ. ಸ್ಮೃತಿ ಕೋಶಕ್ಕೂ ದಣಿದ ಕೋಶಕ್ಕೂ ಇರುವ ಇನ್ನೊಂದು ಭೇದವಂತೂ ಬಹಳ ವಿಚಿತ್ರ: ಸ್ಮೃತಿ ಕೋಶ ವೈರಸ್ ಇಲ್ಲದೆಯೇ ಬಾಳುತ್ತದೆ, ದಣಿದ ಕೋಶಗಳ ಸಮೂಹ ಉಳಿಯಬೇಕಾದರೆ ವೈರಸ್ಸಿನ ತುಣುಕು ಮತ್ತೆ ಮತ್ತೆ ಎದುರಾಗುತ್ತಲೇ ಇರಬೇಕು.

ಈ ಕೋಶಗಳಲ್ಲಿ ಯಾವ ವಂಶವಾಹಿಗಳು ಅತಿಯಾಗಿ ಕೆಲಸ ಮಾಡುತ್ತಿವೆ ಎಂದು ಹುಡುಕಿದಾಗ ಎದ್ದು ಕಂಡದ್ದು ಪಿಡಿ-1. ಈ ಗ್ರಾಹಕವನ್ನು 1992ರಲ್ಲಿ ಜಪಾನಿನ ಕ್ಯೋಟೋದಲ್ಲಿ ತಸುಕು ಹೊಂಜೊ ಅವರ ಪ್ರಯೋಗಾಲಯ ಕಂಡುಹಿಡಿದಿತ್ತು. ಪಿಡಿ-1 ಇಲ್ಲದ ಇಲಿಗಳಲ್ಲಿ ರೋಗನಿರೋಧಕ ವ್ಯವಸ್ಥೆ ಸ್ವಂತ ಅಂಗಾಂಗಗಳ ಮೇಲೆಯೇ ತಿರುಗಿಬೀಳುತ್ತದೆ ಎಂಬುದೂ ಅದೇ ಗುಂಪಿನ ಕೆಲಸದಿಂದ ಗೊತ್ತಾಗಿತ್ತು. ಹಾಗಾಗಿ ಇದು ಟಿ ಕೋಶಗಳ ಆವೇಶಕ್ಕೆ ದೇಹ ಹಾಕಿದ ಕಡಿವಾಣ. ಬೇರೆ ಕೋಶಗಳ ಮೇಲಿರುವ ಪಿಡಿ-ಎಲ್1 ಎಂಬ ಅಣು ಬಂದು ಪಿಡಿ-1ಕ್ಕೆ ಕೂಡಿಕೊಂಡರೆ, ಟಿ ಕೋಶದೊಳಗೆ ಚುರುಕಿನ ಸಂದೇಶವನ್ನು ಮುಂದೊಯ್ಯುವ ಪ್ರೋಟೀನುಗಳಿಂದ ಫಾಸ್ಫೇಟ್ ಗುಂಪುಗಳು ಕಳಚಿ, ಆ ಸಂದೇಶ ದುರ್ಬಲವಾಗುತ್ತದೆ. ಅಲ್ಪಕಾಲದ ಸೋಂಕಿನಲ್ಲಿ ಟಿ ಕೋಶಗಳು ಪಿಡಿ-1 ಅನ್ನು ಕೆಲವು ದಿನ ಹೊತ್ತು, ವೈರಸ್ ಹೋದ ಮೇಲೆ ಕೈಬಿಡುತ್ತವೆ. ಕ್ಲೋನ್ 13 ಸೋಂಕಿನಲ್ಲಿ ಅವು ಅದನ್ನು ಬಿಡುವುದೇ ಇಲ್ಲ.

ಡೇನಿಯಲ್ ಬಾರ್ಬರ್, ಜಾನ್ ವೆರಿ, ಹಾರ್ವರ್ಡ್‌ನ ಗಾರ್ಡನ್ ಫ್ರೀಮನ್ ಹಾಗೂ ಆರ್ಲೀನ್ ಶಾರ್ಪ್ ಮೊದಲಾದವರೊಂದಿಗೆ ಅಹ್ಮದ್ ಅವರು 2006ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾದದ್ದು. ಸೋಂಕು ತಗುಲಿ ಮೂರು ವಾರ ಕಳೆದ ಇಲಿಗಳಿಗೆ ಪಿಡಿ-ಎಲ್1 ಅನ್ನು ಮುಚ್ಚುವ ಪ್ರತಿಕಾಯವನ್ನು ಚುಚ್ಚಿದರು. ದಣಿದಿದ್ದ ಸಿಡಿ8 ಕೋಶಗಳು ಮತ್ತೆ ವೃದ್ಧಿಸಿದವು, ಸೈಟೋಕೈನ್ ಸ್ರವಿಸಿದವು, ಸೋಂಕಿತ ಕೋಶಗಳನ್ನು ಕೊಂದವು, ವೈರಸ್ಸಿನ ಪ್ರಮಾಣ ಇಳಿಯಿತು. ಸಿಡಿ4 ಕೋಶಗಳ ನೆರವಿಲ್ಲದ ಇಲಿಗಳಲ್ಲಿಯೂ ಪರಿಣಾಮ ಕಂಡಿತು. ಅಷ್ಟೇ ಹೆಸರುವಾಸಿಯಾದ ಇನ್ನೊಂದು ತಡೆ ಅಣುವಾದ ಸಿಟಿಎಲ್‌ಎ-4 ಅನ್ನು ಮುಚ್ಚಿದರೆ ಮಾತ್ರ ಇಂಥ ಪ್ರಯೋಜನ ಸಿಗಲಿಲ್ಲ.

ಆ ಲೇಖನದಲ್ಲಿಯೇ ಇರುವ ಮತ್ತೊಂದು ಫಲಿತಾಂಶ ಇಷ್ಟು ಸುದ್ದಿಯಾಗಲಿಲ್ಲ, ಆದರೆ ಇಡೀ ವಿಷಯವನ್ನು ಸರಿಯಾಗಿ ಗ್ರಹಿಸಲು ಅದೇ ಕೀಲಿಕೈ ಎಂಬುದು ನನ್ನ ಅಭಿಪ್ರಾಯ. ಹುಟ್ಟಿನಿಂದಲೇ ಪಿಡಿ-ಎಲ್1 ಇಲ್ಲದ ಇಲಿಗಳಿಗೆ ಕ್ಲೋನ್ 13 ಸೋಂಕು ತಗುಲಿಸಿದಾಗ ಅವು ವೈರಸ್ಸನ್ನು ಗೆಲ್ಲಲಿಲ್ಲ. ಒಂದು ವಾರದೊಳಗೆ ಸತ್ತವು. ಅವುಗಳನ್ನು ಕೊಂದದ್ದು ಕೋಶಗಳಿಗೆ ಹಾನಿ ಮಾಡದ ಆ ವೈರಸ್ ಅಲ್ಲ, ತಡೆಯಿಲ್ಲದ ಅವುಗಳದೇ ಟಿ ಕೋಶಗಳು. ವೈರಸ್ ದೇಹದ ತುಂಬ ಹರಡಿ ಲಕ್ಷೋಪಲಕ್ಷ ಕೋಶಗಳನ್ನು ಹೊಕ್ಕಾಗ, ಸೋಂಕಿತ ಕೋಶಗಳನ್ನೆಲ್ಲ ಒಮ್ಮೆಗೇ ಕೊಂದರೆ ಅಂಗವೇ ಉಳಿಯದು. ಆದ್ದರಿಂದ ದಣಿವನ್ನು ರೋಗನಿರೋಧಕ ವ್ಯವಸ್ಥೆಯ ಸೋಲೆಂದು ಓದುವುದು ಅರ್ಧ ಸತ್ಯ. ಗೆಲ್ಲಲಾಗದ ವೈರಸ್ಸನ್ನು ಒಂದು ಮಿತಿಯಲ್ಲಿಟ್ಟು, ದೇಹವನ್ನು ತನ್ನದೇ ಕೋಶಗಳಿಂದ ಕಾಪಾಡುವ ಒಂದು ಹೊಂದಾಣಿಕೆ ಅದು. ವೈರಸ್ ಅದರ ಲಾಭ ಪಡೆಯುತ್ತದೆ ಎಂಬುದೂ ನಿಜವೇ.

ಇನ್ನು ಇಲಿಯಿಂದ ಮನುಷ್ಯನಿಗೆ. ಅದೇ 2006ರಲ್ಲಿ ಹಲವು ಗುಂಪುಗಳು ಎಚ್‌ಐವಿ ಸೋಂಕಿತರನ್ನು ಪರೀಕ್ಷಿಸಿ, ವೈರಸ್ಸನ್ನು ಗುರುತಿಸುವ ಸಿಡಿ8 ಕೋಶಗಳ ಮೇಲೆ ಪಿಡಿ-1 ಹೇರಳವಾಗಿದೆ, ರಕ್ತದಲ್ಲಿ ವೈರಸ್ ಹೆಚ್ಚಿದ್ದವರಲ್ಲಿ ಅದೂ ಹೆಚ್ಚಿದೆ ಎಂದು ವರದಿ ಮಾಡಿದವು; ಇವುಗಳಲ್ಲಿ ಮುಖ್ಯವಾದ ಒಂದು ಅಧ್ಯಯನ ನಡೆದದ್ದು ದಕ್ಷಿಣ ಆಫ್ರಿಕಾದ, ಚಿಕಿತ್ಸೆ ಇನ್ನೂ ಆರಂಭವಾಗಿರದ ಸೋಂಕಿತರಲ್ಲಿ. ಎಚ್‌ಐವಿಯ ದಾಯಾದಿಯಾದ ಎಸ್‌ಐವಿ ತಗುಲಿದ ಮಂಗಗಳಿಗೆ ಪಿಡಿ-1 ತಡೆಯುವ ಪ್ರತಿಕಾಯ ಕೊಟ್ಟು ಟಿ ಕೋಶಗಳ ಶಕ್ತಿ ಮರಳುವುದನ್ನು ಎಮೊರಿಯ ಸಂಶೋಧಕರು 2009ರಲ್ಲಿ ತೋರಿಸಿದರು. ಹೆಪಟೈಟಿಸ್ ಬಿ, ಸಿ ರೋಗಿಗಳ ಟಿ ಕೋಶಗಳಲ್ಲಿಯೂ ಇದೇ ಲಕ್ಷಣಗಳು ಕಂಡವು.

ಆದರೂ ಈ ಜ್ಞಾನ ಮೊದಲು ಔಷಧವಾಗಿ ಫಲಿಸಿದ್ದು ಸೋಂಕುಗಳಲ್ಲಲ್ಲ, ಕ್ಯಾನ್ಸರಿನಲ್ಲಿ. ಗಡ್ಡೆಯೊಳಗಿನ ಟಿ ಕೋಶಗಳೂ ತೊಲಗದ ಪ್ರತಿಜನಕವನ್ನು (ಟಿ ಕೋಶ ಗುರುತು ಹಿಡಿಯುವ ತುಣುಕನ್ನು) ತಿಂಗಳುಗಟ್ಟಲೆ ಎದುರಿಸುತ್ತ ಅದೇ ಸ್ಥಿತಿ ತಲುಪಿರುತ್ತವೆ. ಪಿಡಿ-1 ತಡೆಯುವ ಪೆಂಬ್ರೊಲಿಜುಮ್ಯಾಬ್ ಮತ್ತು ನಿವೊಲುಮ್ಯಾಬ್ ಎರಡಕ್ಕೂ 2014ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು, ಹೊಂಜೊ ಅವರಿಗೆ ಜೇಮ್ಸ್ ಆಲಿಸನ್ ಜೊತೆ 2018ರ ನೊಬೆಲ್ ಪ್ರಶಸ್ತಿ ಬಂತು. ಈ ಔಷಧಗಳಿಂದ ಕೆಲವು ರೋಗಿಗಳಲ್ಲಿ ಕರುಳು, ಶ್ವಾಸಕೋಶ, ಥೈರಾಯ್ಡ್ ಗ್ರಂಥಿಗಳಲ್ಲಿ ಉರಿಯೂತ ಉಂಟಾಗುತ್ತದೆ. ಪಿಡಿ-ಎಲ್1 ಇಲ್ಲದ ಇಲಿಗಳ ಸಾವನ್ನು ತಿಳಿದವರಿಗೆ ಇದು ಅನಿರೀಕ್ಷಿತವಲ್ಲ. ಮಾರಣಾಂತಿಕ ಗಡ್ಡೆಯ ಎದುರು ಈ ಅಪಾಯವನ್ನು ಒಪ್ಪಿಕೊಳ್ಳಬಹುದು. ದಿನಕ್ಕೊಂದು ಮಾತ್ರೆಯಿಂದ ಹತೋಟಿಯಲ್ಲಿಡಬಹುದಾದ ಎಚ್‌ಐವಿಗೆ ಇದೇ ಅಪಾಯವನ್ನು ಎದುರುಹಾಕಿಕೊಳ್ಳಬೇಕೇ ಎಂಬುದು ಬೇರೆಯೇ ಲೆಕ್ಕಾಚಾರ.

ಕ್ಷಯರೋಗ ಇಲ್ಲಿ ಇನ್ನೂ ಗಟ್ಟಿಯಾದ ಎಚ್ಚರಿಕೆ ಕೊಡುತ್ತದೆ. ದೀರ್ಘಕಾಲ ಉಳಿಯುವ ಸೋಂಕಾದ್ದರಿಂದ ಪಿಡಿ-1 ತಡೆದರೆ ಕ್ಷಯವೂ ಹತೋಟಿಗೆ ಬಂದೀತೆಂದು ಊಹಿಸುವುದು ಸುಲಭ. ನಡೆದದ್ದು ತದ್ವಿರುದ್ಧ. ಪಿಡಿ-1 ಇಲ್ಲದ ಇಲಿಗಳು ಕ್ಷಯದ ಬ್ಯಾಕ್ಟೀರಿಯಾದಿಂದ ಸಾಮಾನ್ಯ ಇಲಿಗಳಿಗಿಂತ ಬಹಳ ಬೇಗ ಸಾಯುತ್ತವೆ, ಮತ್ತು ಅಲ್ಲಿ ಹಾನಿ ಮಾಡುವುದು ಅಂಕೆಯಿಲ್ಲದ ಸಿಡಿ4 ಕೋಶಗಳು. ಈ ಮಾತನ್ನು ಪ್ರಯೋಗಗಳಿಂದ ತೋರಿಸಿದವರಲ್ಲಿ ಅದೇ ಡೇನಿಯಲ್ ಬಾರ್ಬರ್ ಕೂಡ ಒಬ್ಬರು. ಕ್ಯಾನ್ಸರಿಗೆ ಪಿಡಿ-1 ತಡೆಯ ಔಷಧ ಪಡೆದ ಕೆಲವರಲ್ಲಿ ಸುಪ್ತವಾಗಿದ್ದ ಕ್ಷಯ ಕೆರಳಿದ ವರದಿಗಳೂ ಬಂದಿವೆ. ಒಂದು ಸೋಂಕಿನ ಪಾಠವನ್ನು ಇನ್ನೊಂದಕ್ಕೆ ಹಾಗೆಯೇ ದಾಟಿಸಲಾಗದು.

ಪಿಡಿ-1 ಮುಚ್ಚಿದಾಗ ಮತ್ತೆ ಎಚ್ಚೆತ್ತುಕೊಳ್ಳುವ ಕೋಶಗಳು ನಿಖರವಾಗಿ ಯಾವುವು? ಎಲ್ಲ ದಣಿದ ಕೋಶಗಳೂ ಸಮಾನವಾಗಿ ಚೇತರಿಸುವುದಿಲ್ಲ ಎಂಬುದು ಮೊದಲಿನಿಂದಲೂ ಕಾಣುತ್ತಿತ್ತು. 2016ರಲ್ಲಿ ಅಹ್ಮದ್ ಅವರ ಗುಂಪು ಇದಕ್ಕೆ ಉತ್ತರ ಕೊಟ್ಟಿತು. ಬೇರೆ ಗುಂಪುಗಳೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಅದೇ ತೀರ್ಮಾನಕ್ಕೆ ಬಂದವು. ದೀರ್ಘ ಸೋಂಕಿನಲ್ಲಿ ಟಿಸಿಎಫ್-1 ಎಂಬ ಪ್ರೋಟೀನ್ ಉಳ್ಳ ಒಂದು ಸಣ್ಣ ಕೋಶಸಮೂಹವಿದೆ. ಇವು ಗುಲ್ಮ, ದುಗ್ಧಗ್ರಂಥಿಗಳಂಥ ಅಂಗಗಳಲ್ಲಿ ನೆಲೆಸಿ, ಕಾಂಡಕೋಶಗಳಂತೆ ನಿಧಾನವಾಗಿ ವಿಭಜಿಸುತ್ತ, ತಮ್ಮನ್ನೂ ಉಳಿಸಿಕೊಂಡು, ಮುಂದೆ ಪೂರ್ಣ ದಣಿಯುವ ಕೊಲ್ಲುವ ಕೋಶಗಳನ್ನೂ ಹೆರುತ್ತಿರುತ್ತವೆ. ಔಷಧ ಕೊಟ್ಟಾಗ ವೃದ್ಧಿಸುವುದು ಈ ಸಮೂಹ ಮಾತ್ರ. ಪೂರ್ಣ ದಣಿದ ಕೋಶ ಮತ್ತೆ ಯೌವನಕ್ಕೆ ಮರಳುವುದಿಲ್ಲ. ಅದರ ಹಿಂದಿನ ಪೀಳಿಗೆಯಿಂದ ಹೊಸ ತಂಡವೊಂದು ಹೊರಡುತ್ತದೆ. ಈ ಸಮೂಹ ಖಾಲಿಯಾದವರಲ್ಲಿ ಔಷಧಕ್ಕೆ ಎಬ್ಬಿಸಲು ಏನೂ ಇರುವುದಿಲ್ಲ. ಪಿಡಿ-1 ತಡೆಯೊಂದಿಗೆ ಐಎಲ್-2 ಅನ್ನೂ ಕೊಟ್ಟರೆ ಈ ಮೂಲಕೋಶಗಳಿಂದ ಹುಟ್ಟುವ ಪೀಳಿಗೆ ಹೆಚ್ಚು ಸಮರ್ಥವಾಗಿರುತ್ತದೆ ಎಂದು ಅದೇ ಪ್ರಯೋಗಾಲಯ 2022ರಲ್ಲಿ ಇಲಿಗಳಲ್ಲಿ ತೋರಿಸಿದೆ.

ಹೋಲಿಕೆಗಾಗಿ ಮನುಷ್ಯರ ಸ್ಮೃತಿ ಕೋಶಗಳನ್ನು ನೋಡಬೇಕು. ಇದಕ್ಕೆ ಎಮೊರಿಯವರು ಬಳಸಿದ್ದು ಹಳದಿ ಜ್ವರದ ಲಸಿಕೆ. 1930ರ ದಶಕದಲ್ಲಿ ಮ್ಯಾಕ್ಸ್ ಥೈಲರ್ ರೂಪಿಸಿದ ಈ ಲಸಿಕೆಯಲ್ಲಿರುವುದು ಸಾಮರ್ಥ್ಯ ಕುಂದಿಸಿದ ಜೀವಂತ ವೈರಸ್. ಅಂದರೆ ಲಸಿಕೆ ಹಾಕುವುದೆಂದರೆ ಅಪಾಯವಿಲ್ಲದ, ಬೇಗ ಮುಗಿಯುವ ಒಂದು ಸೋಂಕನ್ನು ಗೊತ್ತಾದ ದಿನವೇ ಆರಂಭಿಸಿದಂತೆ. ಸ್ವಯಂಸೇವಕರು ಭಾರಜಲ ಬೆರೆಸಿದ ನೀರನ್ನು ಕುಡಿದಾಗ, ಆ ಅವಧಿಯಲ್ಲಿ ವಿಭಜನೆಗೊಂಡ ಕೋಶಗಳ ಡಿಎನ್‌ಎಯಲ್ಲಿ ಆ ನೀರಿನ ಡ್ಯೂಟೀರಿಯಂ (ಭಾರ ಹೈಡ್ರೋಜನ್) ಸೇರಿಕೊಂಡು ಗುರುತಾಗಿ ಉಳಿಯುತ್ತದೆ. ರಮಾ ಅಕೊಂಡಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಈ ಅಧ್ಯಯನದ ಪ್ರಕಾರ, ದೀರ್ಘಕಾಲ ಉಳಿಯುವ ಸ್ಮೃತಿ ಕೋಶಗಳು ಮೊದಲ ಎರಡು ವಾರ ಭರದಿಂದ ವಿಭಜನೆಗೊಂಡವುಗಳ ಸಂತತಿಯೇ ಹೊರತು ಹಿಂದೆ ಸುಮ್ಮನೆ ಉಳಿದವಲ್ಲ. ಆ ಬಳಿಕ ಅವು ವರ್ಷಕ್ಕೊಮ್ಮೆಯೂ ವಿಭಜಿಸುವುದಿಲ್ಲ. ಸಂಖ್ಯೆ ಇಮ್ಮಡಿಯಾಗಲು 450ಕ್ಕೂ ಹೆಚ್ಚು ದಿನ ಬೇಕು. ಹೊರನೋಟಕ್ಕೆ ಅವು ವಿಶ್ರಾಂತ ಕೋಶಗಳಂತೆ ಕಂಡರೂ, ಕೊಲ್ಲುವ ಪ್ರೋಟೀನುಗಳ ವಂಶವಾಹಿಗಳಿರುವ ಡಿಎನ್‌ಎ ಭಾಗ ಬಿಚ್ಚಿಕೊಂಡೇ ಇರುತ್ತದೆ.

ದಣಿದ ಕೋಶಗಳ ಡಿಎನ್‌ಎ ಮಡಿಕೆಗಳು ಬೇರೆಯೇ ರೀತಿಯಲ್ಲಿ ಗಟ್ಟಿಯಾಗಿರುತ್ತವೆ, ಪಿಡಿ-1 ತಡೆಯಿಂದಲೂ ಅವು ಬಹುಪಾಲು ಬದಲಾಗುವುದಿಲ್ಲ. ವೈರಸ್ಸನ್ನೇ ತೆಗೆದುಹಾಕಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಹೆಪಟೈಟಿಸ್ ಸಿ ಉತ್ತರ ಕೊಟ್ಟಿತು, ಏಕೆಂದರೆ ವೈರಸ್ಸಿನ ಮೇಲೆ ನೇರವಾಗಿ ಕೆಲಸ ಮಾಡುವ ಹೊಸ ಮಾತ್ರೆಗಳು ಕೆಲವು ತಿಂಗಳಲ್ಲಿ ಬಹುತೇಕ ರೋಗಿಗಳನ್ನು ಪೂರ್ತಿ ಗುಣಪಡಿಸುತ್ತವೆ. ಹಾಗೆ ಗುಣವಾದವರ ಟಿ ಕೋಶಗಳನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ, ಕೋಶಗಳು ಕೆಲವು ಅಂಶಗಳಲ್ಲಿ ಸ್ಮೃತಿ ಕೋಶಗಳನ್ನು ಹೋಲತೊಡಗಿದ್ದರೂ ಡಿಎನ್‌ಎ ಮಡಿಕೆಗಳಲ್ಲಿ ಹಳೆಯ ಸೋಂಕಿನ ಕಲೆಗಳು ಉಳಿದುಕೊಂಡಿದ್ದವು. ಹೆಪಟೈಟಿಸ್ ಸಿ ಗುಣವಾದವರಿಗೆ ವೈರಸ್ ಮತ್ತೆ ತಗುಲಬಹುದು ಎಂಬುದು ವೈದ್ಯರಿಗೆ ಮೊದಲೇ ಗೊತ್ತಿತ್ತು, ಮತ್ತು ಅದರ ವಿರುದ್ಧ ಇನ್ನೂ ಲಸಿಕೆ ಇಲ್ಲ. ಆ ಕಲೆಗಳು ಮೂಡುವ ಮೊದಲೇ, ಎಂದರೆ ಸೋಂಕಿನ ಆರಂಭದ ವಾರಗಳಲ್ಲಿ, ವೈರಸ್ಸನ್ನು ತಗ್ಗಿಸಿದರೆ ಟಿ ಕೋಶಗಳು ನಿಜವಾದ ಸ್ಮೃತಿಯ ದಾರಿ ಹಿಡಿಯುತ್ತವೆಯೇ, ಮೂಡಿದ ಮೇಲೆ ಅವನ್ನು ಅಳಿಸಲು ಪಿಡಿ-1 ತಡೆಯ ಜೊತೆಗೆ ಇನ್ನೇನು ಬೇಕು ಎಂಬ ಎರಡು ಪ್ರಶ್ನೆಗಳ ಮೇಲೆ ಸದ್ಯ ಈ ಕ್ಷೇತ್ರದ ಹಲವು ಪ್ರಯೋಗಾಲಯಗಳು ಕೆಲಸ ಮಾಡುತ್ತಿವೆ.